ಪಾಲವಣಕರ್ ಬಾಳೂ

ಪಾಲವಣಕರ್ ಬಾಳೂ (1876, ಧಾರವಾಡ – 4 ಜುಲೈ 1955, ಮುಂಬಯಿ) ಭಾರತದ ಆರಂಭಕಾಲದ ಕ್ರಿಕೆಟ್ ಆಟಗಾರರು ಹಾಗೂ ರಾಜಕೀಯ ಕಾರ್ಯಕರ್ತರು. ಎಡಗೈ ನಿಧಾನಗತಿಯ ಸ್ಪಿನ್ ಬೌಲರ್ ಆಗಿದ್ದ ಇವರು, ಅಂದು ಅಸ್ಪೃಶ್ಯವೆಂದು ಎಣಿಸಲಾಗಿದ್ದ ಸಮುದಾಯವೊಂದರಿಂದ ಬಂದು ದೇಶದ ಅತ್ಯುನ್ನತ ಮಟ್ಟದ ಕ್ರಿಕೆಟ್ಟಿನಲ್ಲಿ ಹೆಸರು ಗಳಿಸಿದ ಮೊದಲಿಗರು. ಪುಣೆ ಮತ್ತು ಮುಂಬಯಿಯ ಹಿಂದೂ ತಂಡಗಳ ಪರವಾಗಿ ಸುಮಾರು ಕಾಲು ಶತಮಾನ ಆಡಿದರು. 1911ರಲ್ಲಿ ಇಂಗ್ಲೆಂಡ್ ಪ್ರವಾಸ ಮಾಡಿದ ಅಖಿಲ ಭಾರತ ತಂಡದ ಅತ್ಯಂತ ಯಶಸ್ವೀ ಬೌಲರ್ ಇವರೇ. ಆಟದಿಂದ ನಿವೃತ್ತರಾದ ಮೇಲೆ ಸಾರ್ವಜನಿಕ ಜೀವನಕ್ಕೆ ಬಂದು, 1932ರ ಪೂನಾ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಒಬ್ಬರಾದರು. 1937ರಲ್ಲಿ ಮುಂಬಯಿ ಶಾಸನಸಭೆಯ ಚುನಾವಣೆಯಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿ ಡಾ. ಬಿ. ಆರ್. ಅಂಬೇಡ್ಕರ್ ಅವರ ವಿರುದ್ಧ ಸ್ಪರ್ಧಿಸಿ ಪರಾಭವಗೊಂಡರು.

ಜನನ ಮತ್ತು ಮನೆತನ

ಬಾಳೂ ಹುಟ್ಟಿದ್ದು ಧಾರವಾಡದಲ್ಲಿ. ಜನ್ಮವರ್ಷವನ್ನು ಕೆಲವರು 1875 ಎಂದೂ ಬರೆದಿದ್ದಾರೆ. ಕ್ರಿಕೆಟ್ ದಾಖಲೆಗಳಲ್ಲಿ 1876 ಎಂದಿದೆ. ಧಾರವಾಡ ಆಗ ಮುಂಬಯಿ ಪ್ರಾಂತದ ಭಾಗವಾಗಿತ್ತು. ಮನೆತನದ ಹೆಸರು ಕೊಂಕಣ ತೀರದ ಊರೊಂದರಿಂದ ಬಂದದ್ದು. ಚರ್ಮಗಾರಿಕೆಯ ವೃತ್ತಿಯೊಡನೆ ಗುರುತಿಸಲಾಗುತ್ತಿದ್ದ ಚಾಂಭಾರ ಸಮುದಾಯ ಇವರದು. ತಂದೆ ಪುಣೆಯಲ್ಲಿ ಸೇನೆಗೆ ಸಂಬಂಧಿಸಿದ ಕೆಲಸದಲ್ಲಿದ್ದುದರಿಂದ ಬಾಳೂ ಬೆಳೆದದ್ದೆಲ್ಲ ಅಲ್ಲಿಯೇ. ಹೀಗಾಗಿ ಕನ್ನಡನಾಡಿನೊಡನೆ ಇವರ ನಂಟು ಜನ್ಮಸ್ಥಳದ ಮಟ್ಟಿಗೆ ಮಾತ್ರವೆಂದು ಹೇಳಬೇಕು. ‘ಬಾಳೂ’ ಎಂಬುದು ಕನ್ನಡದ ಕಿವಿಗೆ ಬದುಕು ಎಂಬರ್ಥದಲ್ಲಿ ಕೇಳಿಸುತ್ತದೆಯಾದರೂ, ಮರಾಠಿಯಲ್ಲಿ ಅದು ಮಗುವನ್ನು ಮುದ್ದಿನಿಂದ ಕರೆಯುವ ಹೆಸರು.

ಬಾಳೂ ಅವರಿಗೆ ಶಿವರಾಮ, ಗಣಪತ ಮತ್ತು ವಿಠ್ಠಲ ಎಂಬ ಮೂವರು ತಮ್ಮಂದಿರು. ನಾಲ್ವರೂ ಮುಂದೆ ಉನ್ನತ ದರ್ಜೆಯ ಕ್ರಿಕೆಟ್ ಆಡಿದರು. ಪುಣೆಯ ದಂಡುಪ್ರದೇಶದಲ್ಲಿ ಬ್ರಿಟಿಷ್ ಅಧಿಕಾರಿಗಳು ಆಡಿ ಬಿಸಾಡಿದ ಬ್ಯಾಟು, ಚೆಂಡುಗಳೇ ಈ ಹುಡುಗರ ಮೊದಲ ಸಲಕರಣೆಗಳು.

ಮೈದಾನದ ಕೂಲಿ

ಬಾಳೂ ಅವರ ಮೊದಲ ನೌಕರಿ ಪುಣೆಯಲ್ಲಿ ಪಾರಸಿಗಳು ನಡೆಸುತ್ತಿದ್ದ ಕ್ರಿಕೆಟ್ ಕ್ಲಬ್ಬೊಂದರಲ್ಲಿ. ಪಿಚ್ಚನ್ನು ಗುಡಿಸುವುದು, ರೋಲರ್ ಎಳೆಯುವುದು, ಬಿಡುವಾದಾಗ ಸದಸ್ಯರಿಗೆ ನಾಲ್ಕು ಚೆಂಡು ಎಸೆಯುವುದು – ಇವೇ ಅವರ ಕೆಲಸಗಳು. ತಿಂಗಳಿಗೆ 3 ರೂಪಾಯಿ ಸಂಬಳ. 1892ರ ಸುಮಾರಿಗೆ ಯುರೋಪಿಯನ್ನರ ಪೂನಾ ಕ್ಲಬ್ಬಿಗೆ ಸೇರಿಕೊಂಡಾಗ ಸಂಬಳ 4 ರೂಪಾಯಿಗೆ ಏರಿತು. ಅಲ್ಲಿ ನೆಟ್ ಕಟ್ಟುವ, ಗೆರೆ ಎಳೆಯುವ ಕೆಲಸಗಳೂ ಸೇರಿಕೊಂಡವು.

ಕ್ಲಬ್ಬಿನ ಯುರೋಪಿಯನ್ ಸದಸ್ಯರೊಬ್ಬರು ಈ ಹುಡುಗನಿಗೆ ನೆಟ್ಟಿನಲ್ಲಿ ಎಸೆಯಲು ಪ್ರೋತ್ಸಾಹ ಕೊಟ್ಟರು. ಆತನ ಎಡಗೈಯಿಂದ ಹೊರಟ ಚೆಂಡು ಎರಡೂ ಕಡೆಗೆ ತಿರುಗಬಲ್ಲುದು, ಓಡಿಬರುವ ರೀತಿಯಲ್ಲಿ ಯಾವ ವ್ಯತ್ಯಾಸವೂ ಕಾಣದಂತೆ ವೇಗವೂ ಹಾರಾಟವೂ ಬದಲಾಗಬಲ್ಲುವು ಎಂಬುದು ದಾಂಡಿಗರಿಗೆ ಬಹುಬೇಗ ಅರಿವಾಯಿತು. ಇವರಲ್ಲಿ ಮುಖ್ಯರಾದವರು ಕ್ಯಾಪ್ಟನ್ ಜಾನ್ ಗ್ಲೆನಿ ಗ್ರೀಗ್. ಭಾರತದಲ್ಲಿದ್ದ ಆಂಗ್ಲ ದಾಂಡಿಗರಲ್ಲಿ ಅತಿಶ್ರೇಷ್ಠರೆಂದು ಹೆಸರಾಗಿದ್ದ ಗ್ರೀಗ್, ಇಂಗ್ಲೆಂಡಿನಲ್ಲಿ ಹ್ಯಾಂಪ್‌ಶೈರ್ ಕೌಂಟಿಯ ಪರವಾಗಿ ಆಡಿದವರು. ವೃದ್ಧಾಪ್ಯದಲ್ಲಿ ಕ್ಯಾಥೊಲಿಕ್ ಪಾದ್ರಿಯಾದವರು. ಇವರು ಇತರ ಸದಸ್ಯರಿಗಿಂತ ಮುಂಚೆಯೇ ಮೈದಾನಕ್ಕೆ ಬಂದು ಬಾಳೂ ಅವರ ಎಸೆತಗಳನ್ನು ಗಂಟೆಗಟ್ಟಲೆ ಎದುರಿಸಿ ಅಭ್ಯಾಸ ಮಾಡುತ್ತಿದ್ದರು. ತಮ್ಮನ್ನು ಔಟ್ ಮಾಡಿದ ಪ್ರತಿ ಸಲಕ್ಕೂ ಎಂಟಾಣೆ ಕೊಡುತ್ತಿದ್ದರೆಂಬ ಕಥೆಯೂ ಪ್ರಚಾರದಲ್ಲಿದೆ. ಕಥೆ ನಿಜವಾಗಿದ್ದ ಪಕ್ಷದಲ್ಲಿ, ತಿಂಗಳಿಗೆ ಎಂಟು ಬಾರಿ ಗ್ರೀಗರನ್ನು ಔಟ್ ಮಾಡಿದರೆ ಸಂಬಳಕ್ಕೆ ಸಮನಾದ ಮೊತ್ತ ಕೈಗೆ ಬಂದಂತಾಗುತ್ತಿತ್ತು.

ಕ್ಲಬ್ಬಿನಲ್ಲಿ ಕಳೆದ ಅಷ್ಟು ವರ್ಷಗಳಲ್ಲಿ ಬಾಳೂ ಸಾವಿರಾರು ಎಸೆತಗಳನ್ನು ಎಸೆದರೂ ಒಮ್ಮೆಯೂ ಅವರ ಕೈಗೆ ಬ್ಯಾಟು ಕೊಡಲಿಲ್ಲ. ಬ್ಯಾಟು ಹಿಡಿಯುವುದು ದೊರೆಗಳ ಹಕ್ಕು, ಚೆಂಡು ಎಸೆಯುವುದು ಆಳಿನ ಕೆಲಸ ಎಂಬ ಭಾವನೆ ಅಂದು ಆ ಮೈದಾನಗಳಲ್ಲಿ ಬೇರೂರಿತ್ತು. ಬಾಳೂ ಅವರನ್ನು ‘ವೃತ್ತಿಪರ ಕ್ರಿಕೆಟಿಗ’ ಎಂದು ಕರೆಯುವಾಗ ಈ ಸಂಗತಿ ನೆನಪಿನಲ್ಲಿರಬೇಕು. ಇಂಗ್ಲೆಂಡಿನ ಕೌಂಟಿ ತಂಡಗಳಲ್ಲಿ ಸಂಬಳ ಪಡೆದು ಪಂದ್ಯಗಳನ್ನು ಆಡುವ ವೃತ್ತಿಪರರಿದ್ದರು. ಬಾಳೂ ಅವರಿಗೆ ಸಿಕ್ಕ ಸಂಬಳ ಮೈದಾನದ ಚಾಕರಿಗೆ ಸಂದದ್ದು. ಅವರ ಕಲೆ ಆ ಚಾಕರಿಯ ಜೊತೆಯಲ್ಲಿ ಬೆಳೆದುಕೊಂಡಿತು.

ಪುಣೆಯ ಹಿಂದೂ ತಂಡ

ಪುಣೆಯ ಹಿಂದೂ ಕ್ಲಬ್ಬು ಊರಿನ ಯುರೋಪಿಯನ್ನರನ್ನು ಸೋಲಿಸಬೇಕೆಂಬ ಹಂಬಲದಲ್ಲಿತ್ತು. ಯುರೋಪಿಯನ್ನರನ್ನು ದಿನವೂ ನೆಟ್ಟಿನಲ್ಲಿ ಕಂಗೆಡಿಸುತ್ತಿದ್ದ ಬೌಲರ್ ಊರಲ್ಲೇ ಇದ್ದ. ಆತನನ್ನು ತಂಡಕ್ಕೆ ಸೇರಿಸಿಕೊಳ್ಳುವುದೋ ಬೇಡವೋ ಎಂಬುದೇ ಕ್ಲಬ್ಬಿನಲ್ಲಿ ವಿವಾದವಾಯಿತು. ತೆಲುಗು ಭಾಷಿಕ ಸದಸ್ಯರು ಸೇರಿಸಿಕೊಳ್ಳಬೇಕೆಂದರು; ಮರಾಠಿ ಬ್ರಾಹ್ಮಣ ಸದಸ್ಯರಲ್ಲಿ ಹಲವರು ವಿರೋಧಿಸಿದರು. ಬಾಳೂ ಅವರಂಥ ಬೌಲರನನ್ನು ಬಿಟ್ಟುಕೊಟ್ಟರೆ ಹಿಂದೂಗಳು ಮೂರ್ಖರಾಗುತ್ತಾರೆ ಎಂಬರ್ಥದ ಮಾತನ್ನು ಗ್ರೀಗ್ ಪತ್ರಿಕೆಯಲ್ಲಿ ಬಹಿರಂಗವಾಗಿ ಆಡಿದರು. ಜಾತಿನಿರ್ಮೂಲನದ ಆದರ್ಶದಿಂದ ಅವರು ಹಾಗೆ ಹೇಳಿದರೆಂದು ತಿಳಿಯಬೇಕಾಗಿಲ್ಲ. ತಾವು ದಿನವೂ ಎದುರಿಸುತ್ತಿದ್ದ ಎಸೆತಗಳನ್ನು ಪಂದ್ಯದಲ್ಲಿಯೂ ಎದುರಿಸಿ ನೋಡಬೇಕೆಂಬ ಆಟಗಾರನ ಆಸೆಯೂ ಅದರಲ್ಲಿ ಇದ್ದಿರಬಹುದು. ಅಂತೂ ಬಾಳೂ ತಂಡಕ್ಕೆ ಆಯ್ಕೆಯಾದರು.

ಆಯ್ಕೆಯ ನಂತರ ಕ್ಲಬ್ಬು ಕಂಡುಕೊಂಡ ಏರ್ಪಾಡು ವಿಚಿತ್ರವಾದುದು. ಗೆರೆಯೊಳಗೆ ಬಾಳೂ ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು. ಗೆರೆ ದಾಟಿದೊಡನೆ ಮಡಿ ಆರಂಭವಾಗುತ್ತಿತ್ತು. ಚಹಾ ವಿರಾಮದಲ್ಲಿ ಉಳಿದವರು ಪೆವಿಲಿಯನ್ನಿನೊಳಗೆ ಪಿಂಗಾಣಿ ಬಟ್ಟಲುಗಳಲ್ಲಿ ಚಹಾ ಕುಡಿಯುತ್ತಿದ್ದರೆ, ಬಾಳೂ ಅವರಿಗೆ ಹೊರಗಡೆ, ಕುಡಿದು ಒಡೆದುಹಾಕುವ ಮಣ್ಣಿನ ಕುಡಿಕೆಯಲ್ಲಿ ಚಹಾ. ಊಟಕ್ಕೆ ಬೇರೆ ತಟ್ಟೆ, ಬೇರೆ ಜಾಗ. ಮುಖ ತೊಳೆಯಬೇಕಾದರೆ ಅವರದೇ ಸಮುದಾಯದ ಆಳೊಬ್ಬ ಮೈದಾನದ ಮೂಲೆಗೆ ನೀರು ತಂದುಕೊಡಬೇಕಾಗಿತ್ತು.

ಈ ತಂಡವು ಬಾಳೂ ಅವರ ಎಸೆತದ ಬಲದಿಂದ ಪುಣೆಯ ಯುರೋಪಿಯನ್ನರನ್ನು ಸೋಲಿಸಿತು. ಸಾತಾರೆಯ ಬಿಳಿಯರ ಜಿಮಖಾನದೊಡನೆ ನಡೆದ ಪಂದ್ಯದ ಕಥೆ ಹೆಚ್ಚು ಪ್ರಸಿದ್ಧವಾಗಿದೆ. ಬಾಳೂ ಅವರ ಚೆಂಡು ತಿರುಗಬಾರದೆಂದು ಆತಿಥೇಯರು ಒಂದು ವಾರ ಕಾಲ ಪಿಚ್ಚನ್ನು ರೋಲರಿನಿಂದ ಗಟ್ಟಿಮಾಡಿಸಿದ್ದರಂತೆ. ಆದರೂ ಅವರು ಏಳು ವಿಕೆಟ್ ಕಿತ್ತರು. ತಂಡ ಸುಲಭವಾಗಿ ಗೆದ್ದಿತು. ರೋಲರ್ ಎಳೆದೇ ಬೆಳೆದವನನ್ನು ರೋಲರಿನಿಂದ ಹಣಿಯಲು ಹೊರಟದ್ದು ಆತಿಥೇಯರ ಎಣಿಕೆಯ ದೋಷ. ವಿಜಯದ ನಂತರ ಬಾಳೂ ಅವರನ್ನು ಆನೆಯ ಮೇಲೆ ಕೂರಿಸಿ ಮೆರವಣಿಗೆ ಮಾಡಿದರೆಂದು ಹೇಳಲಾಗುತ್ತದೆ. ಪುಣೆಗೆ ಮರಳಿದ ಮೇಲೆ ಸಾರ್ವಜನಿಕ ಸಭೆಯಲ್ಲಿ ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು ಬಾಳೂ ಅವರಿಗೆ ಹಾರ ಹಾಕಿದರು. ಇವರೊಡನೆ ಆಡಲು ಒಪ್ಪಿದವರು ಇವರೊಡನೆ ಉಣ್ಣಲು ಮತ್ತು ಕುಡಿಯಲು ಏಕೆ ಹಿಂಜರಿಯಬೇಕೆಂದು ಅವರು ತಂಡದವರನ್ನು ಕೇಳಿದರು. ಬಾಲ ಗಂಗಾಧರ ಟಿಳಕರೂ ಮತ್ತೊಂದು ಸಭೆಯಲ್ಲಿ ಬಾಳೂ ಅವರನ್ನು ಹೊಗಳಿದರು. ಸಮಾಜ ಸುಧಾರಣೆಯ ವಿಷಯದಲ್ಲಿ ಪರಸ್ಪರ ವಿರುದ್ಧ ದಿಕ್ಕಿನಲ್ಲಿದ್ದ ಈ ಇಬ್ಬರೂ ಒಬ್ಬ ಬೌಲರನ ಪ್ರಶಂಸೆಯಲ್ಲಿ ಒಂದಾದರು.

ಮುಂಬಯಿಗೆ

1896ರಲ್ಲಿ ಪಶ್ಚಿಮ ಭಾರತಕ್ಕೆ ಪ್ಲೇಗು ಬಂದ ದಿನಗಳಲ್ಲಿಯೇ ಬಾಳೂ ಪುಣೆಯಿಂದ ಮುಂಬಯಿಗೆ ಸ್ಥಳಾಂತರಗೊಂಡರು. ಪರಮಾನಂದದಾಸ ಜೀವನದಾಸ ಹಿಂದೂ ಜಿಮಖಾನವು ಅವರನ್ನು ಸೇರಿಸಿಕೊಂಡಿತು. ಅಲ್ಲಿಯೂ ಆಕ್ಷೇಪಣೆಗಳು ಎದ್ದವಾದರೂ ತಂಡದ ನಾಯಕ ಕೀರ್ತಿಕರ್ ಅವರ ಒತ್ತಾಯದಿಂದ ಅವು ತಣ್ಣಗಾದವು. ಜೀವನೋಪಾಯಕ್ಕೆ ಬಾಳೂ ಬಾಂಬೆ, ಬರೋಡಾ ಅಂಡ್ ಸೆಂಟ್ರಲ್ ಇಂಡಿಯಾ ರೈಲ್ವೆಯಲ್ಲಿ ಕೆಲಸಕ್ಕೆ ಸೇರಿ, ಆ ಸಂಸ್ಥೆಯ ತಂಡದ ಪರವಾಗಿಯೂ ಆಡಿದರು. ಬಂಗಾಳದ ನಾಟೋರ್ ಮಹಾರಾಜರ ತಂಡವೂ ಅವರನ್ನು ಆಹ್ವಾನಿಸಿ ಆಡಿಸಿತು.

ಮುಂಬಯಿಯ ಕ್ರಿಕೆಟ್ ಅಂದು ಧರ್ಮಾಧಾರಿತ ಜಿಮಖಾನಗಳ ಸುತ್ತ ಕಟ್ಟಿಕೊಂಡಿತ್ತು. 1892ರಿಂದ ಯುರೋಪಿಯನ್ನರು ಮತ್ತು ಪಾರಸಿಗಳ ನಡುವೆ ಪ್ರೆಸಿಡೆನ್ಸಿ ಪಂದ್ಯಗಳು ನಡೆಯುತ್ತಿದ್ದವು. 1907ರಲ್ಲಿ ಹಿಂದೂಗಳು ಸೇರಿ ಅದು ತ್ರಿಕೋನ ಸರಣಿಯಾಯಿತು; 1912ರಲ್ಲಿ ಮುಸ್ಲಿಮರು ಸೇರಿ ಚತುಷ್ಕೋನವಾಯಿತು; 1937ರಲ್ಲಿ ಉಳಿದ ಸಮುದಾಯಗಳ ಒಂದು ತಂಡ ಸೇರಿ ಪಂಚಕೋನವಾಯಿತು. ಈ ವ್ಯವಸ್ಥೆಯಲ್ಲಿ ಒಬ್ಬ ಆಟಗಾರನು ತನ್ನ ಊರಿನವನಾಗಿ ಆಡುತ್ತಿರಲಿಲ್ಲ, ತನ್ನ ಮತದವನಾಗಿ ಆಡುತ್ತಿದ್ದ. ದೇವಾಲಯದೊಳಗೆ ಪ್ರವೇಶವಿಲ್ಲದ ಬಾಳೂ ಕ್ರಿಕೆಟ್ ಮೈದಾನದಲ್ಲಿ ಹಿಂದೂಗಳ ಪ್ರತಿನಿಧಿಯಾಗಿದ್ದರು.

1906ರ ಪಂದ್ಯ

1906ರ ಫೆಬ್ರುವರಿಯಲ್ಲಿ ಹಿಂದೂಗಳು ಮೊಟ್ಟಮೊದಲ ಬಾರಿಗೆ ಮುಂಬಯಿಯ ಯುರೋಪಿಯನ್ನರ ವಿರುದ್ಧ ಪ್ರಥಮ ದರ್ಜೆಯ ಪಂದ್ಯ ಆಡಿದರು. ಹಿಂದಿನ ವರ್ಷವಷ್ಟೇ ಬಂಗಾಳದ ವಿಭಜನೆಯಾಗಿ ಸ್ವದೇಶಿ ಚಳವಳಿ ಹಬ್ಬಿತ್ತು. ಹಿಂದೂಗಳು ಮೊದಲ ಸರದಿಯಲ್ಲಿ 242 ಓಟಗಳನ್ನು ಗಳಿಸಿದರು. ಯುರೋಪಿಯನ್ನರು 191ಕ್ಕೆ ಔಟಾದರು. ಎರಡನೆಯ ಸರದಿಯಲ್ಲಿ ಹಿಂದೂಗಳ ಗಳಿಕೆ 160. ಗೆಲುವಿಗೆ 212 ಬೇಕಾಗಿದ್ದ ಯುರೋಪಿಯನ್ನರು ಬಾಳೂ ಮತ್ತು ವೇಗದ ಬೌಲರ್ ಎರಾಶಾ ಅವರ ದಾಳಿಗೆ ಸಿಕ್ಕು 102 ಓಟಗಳಿಗೆ ಕುಸಿದರು. ಹಿಂದೂಗಳಿಗೆ 109 ಓಟಗಳ ವಿಜಯ ದೊರೆಯಿತು. ಮರುವರ್ಷವೂ ಯುರೋಪಿಯನ್ನರನ್ನು 238 ಓಟಗಳ ಅಂತರದಿಂದ ಸೋಲಿಸಿದ್ದರಿಂದ, ಮೊದಲ ಗೆಲುವು ಅದೃಷ್ಟದ ಫಲವೆಂದು ಯಾರೂ ಹೇಳುವಂತಿರಲಿಲ್ಲ.

ಈ ವಿಜಯವನ್ನು ವಿಶ್ಲೇಷಿಸಿದ ಪತ್ರಿಕೆಗಳಲ್ಲಿ ‘ಇಂಡಿಯನ್ ಸೋಶಿಯಲ್ ರಿಫಾರ್ಮರ್’ ವಾರಪತ್ರಿಕೆಯ ಬರಹ ಉಲ್ಲೇಖಾರ್ಹ. ಪುಣೆಯಲ್ಲಿ ಪೆವಿಲಿಯನ್ನಿನ ಹೊರಗೆ ಚಹಾ ಕುಡಿಯುತ್ತಿದ್ದ ಬಾಳೂ ಮುಂಬಯಿಯ ಜಿಮಖಾನದಲ್ಲಿ ಸವರ್ಣೀಯ ಸಹ ಆಟಗಾರರೊಡನೆ ಊಟಕ್ಕೆ ಕುಳಿತದ್ದನ್ನು ಎತ್ತಿ ಹೇಳಿ, ದೇಶವನ್ನು ಒಡೆಯುವ ಹಳೆಯ ಪದ್ಧತಿಗಳಿಂದ ಬಿಡುಗಡೆ ಹೊಂದುವ ಹಾದಿಯಲ್ಲಿ ಇದೊಂದು ಮೈಲಿಗಲ್ಲೆಂದು ಅದು ಬರೆಯಿತು. ಆದರೆ ಊಟದ ಪಂಕ್ತಿಯ ಪ್ರಶ್ನೆ ಪರಿಹಾರವಾದೊಡನೆ ತಂಡದ ನಾಯಕತ್ವದ ಪ್ರಶ್ನೆ ಎದುರಾಯಿತು.

1911ರ ಇಂಗ್ಲೆಂಡ್ ಪ್ರವಾಸ

ಎಲ್ಲ ಮತದವರೂ ಸೇರಿದ ಮೊದಲ ಅಖಿಲ ಭಾರತ ತಂಡವು 1911ರ ಬೇಸಿಗೆಯಲ್ಲಿ ಇಂಗ್ಲೆಂಡಿಗೆ ತೆರಳಿತು. ಪಟಿಯಾಲಾದ ತರುಣ ಮಹಾರಾಜ ಭೂಪಿಂದರ್ ಸಿಂಗ್ ನಾಯಕರು. ಪಾರಸಿಗಳು, ಮುಸ್ಲಿಮರು, ಹಿಂದೂಗಳು ಇದ್ದ ಆ ತಂಡದಲ್ಲಿ ಬೆಂಗಳೂರಿನ ಬಿ. ಜಯರಾಂ ಕೂಡ ಒಬ್ಬರು. ಬಾಳೂ ಅವರೊಡನೆ ತಮ್ಮ ಶಿವರಾಮರೂ ಆಯ್ಕೆಯಾಗಿದ್ದರು.

ಪ್ರವಾಸ ಒಟ್ಟಿನಲ್ಲಿ ಸೋಲಿನ ಸರಮಾಲೆ. 23 ಪಂದ್ಯಗಳಲ್ಲಿ 6 ಗೆಲುವು, 15 ಸೋಲು, 2 ಸಮ. ಅದು ಐದನೆಯ ಜಾರ್ಜರ ಪಟ್ಟಾಭಿಷೇಕದ ವರ್ಷ. ನಾಯಕ ಮಹಾರಾಜರು ಔತಣಕೂಟಗಳಲ್ಲಿ ಮಗ್ನರಾಗಿ ಬಹುತೇಕ ಪಂದ್ಯಗಳಿಗೆ ಗೈರುಹಾಜರಾದರು. ಆಗ ಮೂವತ್ತೈದರ ಆಸುಪಾಸಿನಲ್ಲಿದ್ದ ಬಾಳೂ ಮಾತ್ರ ಪಂದ್ಯದಿಂದ ಪಂದ್ಯಕ್ಕೆ ಎಸೆಯುತ್ತಲೇ ಹೋದರು. ಎಲ್ಲ ಪಂದ್ಯಗಳಿಂದ ಅವರು ಗಳಿಸಿದ ವಿಕೆಟ್‌ಗಳು 114, ಸರಾಸರಿ 18.84. ಕೇಂಬ್ರಿಜ್ ವಿಶ್ವವಿದ್ಯಾಲಯದ ವಿರುದ್ಧ ಒಂದೇ ಸರದಿಯಲ್ಲಿ 103 ಓಟಗಳಿಗೆ 8 ವಿಕೆಟ್ ಪಡೆದರು. ಕೌಂಟಿ ತಂಡವೊಂದರ ಮೇಲೆ ಪ್ರವಾಸಿಗರ ಮೊದಲ ಜಯ ಬಂದದ್ದು ಲೆಸ್ಟರ್‌ಶೈರ್ ವಿರುದ್ಧ. ಆ ಪಂದ್ಯದಲ್ಲಿ ಬಾಳೂ 11 ವಿಕೆಟ್ ಪಡೆದರು. ಸೋಮರ್‌ಸೆಟ್ ವಿರುದ್ಧ ಒಂದು ವಿಕೆಟ್ಟಿನಿಂದ ಗೆದ್ದ ಪಂದ್ಯದಲ್ಲಿ ಶಿವರಾಮ ಶತಕ ಬಾರಿಸಿ ಅಣ್ಣನ ಹೆಸರಿಗೆ ತಕ್ಕವರೆನಿಸಿಕೊಂಡರು. ಯಾರ್ಕ್‌ಶೈರಿನ ಪ್ರಸಿದ್ಧ ಎಡಗೈ ಬೌಲರ್ ವಿಲ್ಫ್ರೆಡ್ ರೋಡ್ಸ್ ಅವರೊಡನೆ ಹೋಲಿಸಿ ಬಾಳೂ ಅವರನ್ನು ‘ಭಾರತದ ರೋಡ್ಸ್’ ಎಂದು ಕರೆಯುವುದು ರೂಢಿಯಾಯಿತು.

ಮುಂಬಯಿಗೆ ಮರಳಿದಾಗ ನಗರದ ಶೋಷಿತ ಸಮುದಾಯಗಳು ಬಾಳೂ ಅವರಿಗೆ ಸನ್ಮಾನ ಏರ್ಪಡಿಸಿದವು. ಎಲ್ಫಿನ್‌ಸ್ಟನ್ ಕಾಲೇಜಿನ ವಿದ್ಯಾರ್ಥಿಯಾಗಿದ್ದ, ಇಪ್ಪತ್ತರ ಹರೆಯದ ಭೀಮರಾವ್ ಅಂಬೇಡ್ಕರ್ ಆ ಸಂದರ್ಭದ ಸ್ವಾಗತಕಾರ್ಯದಲ್ಲಿ ಪಾಲ್ಗೊಂಡಿದ್ದರೆಂದು ಇತಿಹಾಸಕಾರರು ಬರೆದಿದ್ದಾರೆ. ಅಂದು ಅಂಬೇಡ್ಕರ್ ಅವರಿಗೆ ಬಾಳೂ ತಮ್ಮ ಜನರ ಹೆಮ್ಮೆಯ ವ್ಯಕ್ತಿ. ಈ ಗೌರವ ಬಹುಕಾಲ ಉಳಿಯಿತು. ಇಬ್ಬರೂ ಮುಂದೆ ಮತಪತ್ರದಲ್ಲಿ ಎದುರಾಳಿಗಳಾಗುವರೆಂದು ಆಗ ಯಾರೂ ಊಹಿಸಿರಲಾರರು.

ನಾಯಕತ್ವದ ಪ್ರಶ್ನೆ

ಅನುಭವದಲ್ಲಿಯೂ ಸಾಧನೆಯಲ್ಲಿಯೂ ಹಿಂದೂ ತಂಡದಲ್ಲಿ ಬಾಳೂ ಅವರಿಗೆ ಸಮಾನರಾದವರು ಇರಲಿಲ್ಲ. ಆದರೂ 1910ರಿಂದ 1920ರವರೆಗೆ ವರ್ಷ ವರ್ಷವೂ ನಾಯಕತ್ವ ಬೇರೊಬ್ಬರ ಪಾಲಾಯಿತು. 1913ರಲ್ಲಿ ನಾಯಕರಾಗಿ ಆಯ್ಕೆಯಾದವರು ಗೌಡ ಸಾರಸ್ವತರಾದ ಎಂ. ಡಿ. ಪೈ. ತಮ್ಮ ಅಭಿನಂದನಾ ಸಭೆಯಲ್ಲಿಯೇ ಪೈ ಅವರು, ತಂಡದ ಹಿರಿಯರಾದ ಗೆಳೆಯ ಬಾಳೂ ಅವರಿಗೆ ಈ ಗೌರವ ಸಲ್ಲಬೇಕಾಗಿತ್ತು ಎಂದು ಹೇಳಿದರು. ಹೇಳಬೇಕಾದ ಮಾತನ್ನು ಹೇಳುವ ಧೈರ್ಯ ಅವರಿಗಿತ್ತು. ಆಯ್ಕೆ ಮಾಡುವ ಅಧಿಕಾರವಿದ್ದವರಿಗೆ ಅದನ್ನು ಕೇಳುವ ಕಿವಿ ಇರಲಿಲ್ಲ.

1920ರ ಚತುಷ್ಕೋನ ಸರಣಿಯಲ್ಲಿ ವಿವಾದ ಬೀದಿಗೆ ಬಂದಿತು. ನಾಯಕರಾಗಿದ್ದ ಪೈ ಅವರು ಅನಾರೋಗ್ಯದಿಂದ ಮೊದಲ ಪಂದ್ಯಕ್ಕೆ ಲಭ್ಯರಿರಲಿಲ್ಲ. ಅವರ ಸ್ಥಾನಕ್ಕೆ ಸಹಜವಾಗಿ ಬರಬೇಕಾಗಿದ್ದ ಬಾಳೂ ಅವರನ್ನು ತಂಡದಿಂದಲೇ ಕೈಬಿಡಲಾಯಿತು. ಪುಣೆಯ ಡಿ. ಬಿ. ದೇವಧರ್ ಅವರನ್ನು ನಾಯಕರನ್ನಾಗಿ ಮಾಡಲಾಯಿತು. ದೇವಧರ್ ಉತ್ತಮ ದಾಂಡಿಗರು, ಕಾಲೇಜಿನಲ್ಲಿ ಸಂಸ್ಕೃತ ಅಧ್ಯಾಪಕರು. ಆದರೆ ತಂಡದಲ್ಲಿದ್ದ ಬಾಳೂ ಅವರ ತಮ್ಮಂದಿರಾದ ಶಿವರಾಮ ಮತ್ತು ವಿಠ್ಠಲರಿಗಿಂತ ಅವರು ಕಿರಿಯರು. ಸಹೋದರರಿಬ್ಬರೂ ತಂಡದಿಂದ ಹೊರಬಂದು ಪತ್ರಿಕೆಗಳಿಗೆ ಹೇಳಿಕೆ ಕೊಟ್ಟರು. ಆಟದ ಯೋಗ್ಯತೆಯನ್ನು ಬದಿಗಿಟ್ಟು ಸಾಮಾಜಿಕ ಅಂತಸ್ತನ್ನು ನೋಡಿ ನಾಯಕನನ್ನು ಆರಿಸಿದ್ದಾರೆಂಬುದು ಅವರ ಆರೋಪದ ಸಾರ. ಮೂರು ದಶಕಗಳ ಕಾಲ ಮಣ್ಣಿನ ಕುಡಿಕೆಯಿಂದ ಹಿಡಿದು ಎಲ್ಲವನ್ನೂ ಸಹಿಸಿಕೊಂಡ ಕುಟುಂಬವು ಬಹಿರಂಗವಾಗಿ ಪ್ರತಿಭಟಿಸಿದ್ದು ಇದೇ ಮೊದಲು.

ಅದು ಗಾಂಧೀಜಿಯವರ ಅಸ್ಪೃಶ್ಯತಾ ವಿರೋಧಿ ಮಾತುಗಳು ದೇಶದಲ್ಲೆಲ್ಲ ಕೇಳಿಬರಲಾರಂಭಿಸಿದ್ದ ಕಾಲ. ಸಾರ್ವಜನಿಕರು ಸಹೋದರರ ಪರವಾಗಿ ನಿಂತರು. ಅಂತಿಮ ಪಂದ್ಯದ ವೇಳೆಗೆ ಜಿಮಖಾನ ಮಣಿಯಿತು. ಪೈ ನಾಯಕರಾಗಿ ಮರಳಿದರು, ಬಾಳೂ ಅವರನ್ನು ಉಪನಾಯಕರಾಗಿ ಕರೆಯಲಾಯಿತು, ತಮ್ಮಂದಿರೂ ಹಿಂದಿರುಗಿದರು. ಆಟ ನಡೆಯುತ್ತಿದ್ದಾಗ ಪೈ ಕೆಲಕಾಲ ಮೈದಾನದಿಂದ ಹೊರಗುಳಿದು, ಆ ಅವಧಿಯಲ್ಲಿ ಬಾಳೂ ತಂಡವನ್ನು ನಡೆಸುವಂತೆ ಮಾಡಿದರು. ಹಿಂದೂ ತಂಡದ ನಾಯಕತ್ವ ಬಾಳೂ ಅವರಿಗೆ ದಕ್ಕಿದ್ದು ಅಷ್ಟು ಹೊತ್ತು ಮಾತ್ರ. ಅವರ ಪ್ರಥಮ ದರ್ಜೆಯ ಕ್ರಿಕೆಟ್ 1920–21ರ ಋತುವಿನೊಡನೆ ಮುಗಿಯಿತು.

ಅಣ್ಣನಿಗೆ ತಪ್ಪಿದ್ದು ತಮ್ಮನಿಗೆ ಒದಗಿತು. 1923ರಲ್ಲಿ ವಿಠ್ಠಲರನ್ನು ಹಿಂದೂ ತಂಡದ ನಾಯಕರನ್ನಾಗಿ ನೇಮಿಸಲಾಯಿತು. ಆ ವರ್ಷದ ಚತುಷ್ಕೋನ ಸರಣಿಯ ಅಂತಿಮ ಪಂದ್ಯದಲ್ಲಿ ತಂಡ ಯುರೋಪಿಯನ್ನರನ್ನು ಸೋಲಿಸಿತು. ಅಭಿಮಾನಿಗಳು ವಿಠ್ಠಲರನ್ನು ಹೆಗಲ ಮೇಲೆ ಹೊತ್ತು ನಡೆದರು.

ಅಂಕಿ ಅಂಶ

ಬಾಳೂ ಆಡಿದ ಪ್ರಥಮ ದರ್ಜೆಯ ಪಂದ್ಯಗಳು 33, ಗಳಿಸಿದ ವಿಕೆಟ್‌ಗಳು 179, ಸರಾಸರಿ 15.21. ಈ ಸಂಖ್ಯೆಗಳನ್ನು ಇಂದಿನ ಆಟಗಾರರ ಸಂಖ್ಯೆಗಳ ಪಕ್ಕದಲ್ಲಿಟ್ಟು ನೋಡುವುದು ಸರಿಯಾಗದು. ಅಧಿಕೃತ ದಾಖಲೆ ಆರಂಭವಾಗುವ ವೇಳೆಗೆ ಅವರಿಗೆ ಮೂವತ್ತು ವರ್ಷವಾಗಿತ್ತು. ಪುಣೆಯಲ್ಲಿ ಆಡಿದ ಯೌವನದ ಪಂದ್ಯಗಳು ಯಾವ ಲೆಕ್ಕಕ್ಕೂ ಸೇರಿಲ್ಲ. ಭಾರತವು ತನ್ನ ಮೊದಲ ಟೆಸ್ಟ್ ಪಂದ್ಯವನ್ನು ಲಾರ್ಡ್ಸ್‌ನಲ್ಲಿ ಆಡಿದ್ದು 1932ರ ಜೂನ್ ತಿಂಗಳಲ್ಲಿ. ಆ ಹೊತ್ತಿಗೆ ಬಾಳೂ ಐವತ್ತು ದಾಟಿದ್ದರು, ಬೇರೊಂದು ಅಖಾಡದಲ್ಲಿದ್ದರು.

ಸಾರ್ವಜನಿಕ ಜೀವನ

ಕ್ರಿಕೆಟ್ ತಂದುಕೊಟ್ಟ ಕೀರ್ತಿಯಿಂದ ಬಾಳೂ ಮುಂಬಯಿಯ ಶೋಷಿತ ವರ್ಗಗಳ ಮುಖಂಡರಲ್ಲೊಬ್ಬರೆಂದು ಪರಿಗಣಿತರಾದರು. ಅವರ ರಾಜಕೀಯ ನಿಲುವು ಗಾಂಧೀಜಿ ಮತ್ತು ಕಾಂಗ್ರೆಸ್ಸಿಗೆ ಹತ್ತಿರವಾಗಿತ್ತು. ಶೋಷಿತ ವರ್ಗಗಳಿಗೆ ಪ್ರತ್ಯೇಕ ಮತಕ್ಷೇತ್ರ ಬೇಕೆಂಬ ಅಂಬೇಡ್ಕರ್ ಅವರ ವಾದವನ್ನು ಅವರು ಒಪ್ಪಲಿಲ್ಲ. ಮದರಾಸಿನ ಎಂ. ಸಿ. ರಾಜಾ ಅವರಂತೆ, ಜಂಟಿ ಮತಕ್ಷೇತ್ರದಲ್ಲಿ ಮೀಸಲು ಸ್ಥಾನಗಳಿದ್ದರೆ ಸಾಕೆಂದು ವಾದಿಸಿದರು.

1932ರ ಆಗಸ್ಟಿನಲ್ಲಿ ಬ್ರಿಟಿಷ್ ಸರ್ಕಾರ ಕೋಮುವಾರು ತೀರ್ಪನ್ನು ಪ್ರಕಟಿಸಿ ಪ್ರತ್ಯೇಕ ಮತಕ್ಷೇತ್ರಗಳನ್ನು ಕೊಟ್ಟಿತು. ಇದನ್ನು ವಿರೋಧಿಸಿ ಗಾಂಧೀಜಿ ಸೆಪ್ಟೆಂಬರ್ 20ರಂದು ಯೆರವಡಾ ಸೆರೆಮನೆಯಲ್ಲಿ ಆಮರಣ ಉಪವಾಸ ಆರಂಭಿಸಿದರು. ಮದನಮೋಹನ ಮಾಳವೀಯರ ಅಧ್ಯಕ್ಷತೆಯಲ್ಲಿ ನಾಯಕರ ಸಮ್ಮೇಳನ ಸೇರಿತು. ಅಂಬೇಡ್ಕರ್ ಅವರೊಡನೆ ನಡೆದ ಬಿಗಿಯಾದ ಸಂಧಾನಗಳಲ್ಲಿ ರಾಜಾ ಮತ್ತು ಬಾಳೂ ಭಾಗವಹಿಸಿದರು. ಸೆಪ್ಟೆಂಬರ್ 24ರಂದು ಒಪ್ಪಂದವಾಯಿತು: ಪ್ರತ್ಯೇಕ ಮತಕ್ಷೇತ್ರದ ಬೇಡಿಕೆ ಕೈಬಿಟ್ಟು, ಪ್ರಾಂತೀಯ ಶಾಸನಸಭೆಗಳಲ್ಲಿ 148 ಮೀಸಲು ಸ್ಥಾನಗಳನ್ನು ಒಪ್ಪಿಕೊಳ್ಳಲಾಯಿತು. ಸಹಿ ಹಾಕಿದವರ ಪಟ್ಟಿಯಲ್ಲಿ ಪಿ. ಬಾಳೂ ಎಂಬ ಹೆಸರೂ ಇದೆ. ಹಿಂದೆ ಪೆವಿಲಿಯನ್ನಿನ ಹೊರಗೆ ನಿಂತು ಚಹಾ ಕುಡಿದ ಊರಿನಲ್ಲಿಯೇ ಅವರು ಈ ಸಹಿ ಹಾಕಿದರು.

ಈ ಒಪ್ಪಂದದ ಬಗ್ಗೆ ಇಂದಿಗೂ ತೀವ್ರ ಭಿನ್ನಾಭಿಪ್ರಾಯಗಳಿವೆ. ಪ್ರಾಣಭಯವನ್ನು ಮುಂದಿಟ್ಟು ಅಂಬೇಡ್ಕರ್ ಅವರನ್ನು ಮಣಿಸಲಾಯಿತೆಂದು ಒಂದು ಪಕ್ಷ. ಹಿಂದೂ ಸಮಾಜ ಒಡೆಯುವುದನ್ನು ಅದು ತಪ್ಪಿಸಿತೆಂದು ಇನ್ನೊಂದು ಪಕ್ಷ. ಬಾಳೂ ಅವರ ನಿಲುವನ್ನು ಅವರ ಕ್ರೀಡಾಜೀವನದ ಬೆಳಕಿನಲ್ಲಿ ನೋಡಿದರೆ ಅರ್ಥಮಾಡಿಕೊಳ್ಳುವುದು ಸುಲಭ. ತಂಡದೊಳಗೆ ಉಳಿದುಕೊಂಡೇ ಅವರು ಮೊದಲು ಚೆಂಡನ್ನು, ಆಮೇಲೆ ಊಟದ ಮೇಜನ್ನು, ಕೊನೆಗೆ ತಮ್ಮನ ಮೂಲಕ ನಾಯಕತ್ವವನ್ನು ಪಡೆದಿದ್ದರು. ಒಳಗಿದ್ದು ಗೆಲ್ಲಬಹುದೆಂಬ ನಂಬಿಕೆ ಅವರಿಗೆ ಅನುಭವದಿಂದ ಬಂದದ್ದು. ಅದೇ ಅನುಭವವನ್ನು ಇನ್ನೊಂದು ಬಗೆಯಲ್ಲಿಯೂ ಓದಬಹುದು: ಅಪ್ರತಿಮ ಪ್ರತಿಭೆಯಿದ್ದ ಒಬ್ಬನಿಗೇ ಇಷ್ಟು ಪಡೆಯಲು ಮೂವತ್ತು ವರ್ಷ ಹಿಡಿದಿದ್ದರೆ, ಪ್ರತಿಭೆ ತೋರಿಸುವ ಅವಕಾಶವೇ ಇಲ್ಲದ ಲಕ್ಷಾಂತರ ಜನರ ಗತಿಯೇನು? ಅಂಬೇಡ್ಕರ್ ಕೇಳುತ್ತಿದ್ದುದು ಈ ಎರಡನೆಯ ಪ್ರಶ್ನೆ. 1935ರಲ್ಲಿ ಯೇವಲಾದಲ್ಲಿ ಅವರು ತಾನು ಹಿಂದೂವಾಗಿ ಸಾಯುವುದಿಲ್ಲವೆಂದು ಘೋಷಿಸಿದಾಗ ಬಾಳೂ ಅದನ್ನೂ ವಿರೋಧಿಸಿದರು.

ಇದಕ್ಕೆ ಮುಂಚೆ ಬಾಳೂ ಹಿಂದೂ ಮಹಾಸಭೆಯ ಅಭ್ಯರ್ಥಿಯಾಗಿ ಮುಂಬಯಿ ನಗರಸಭೆಗೆ ಸ್ಪರ್ಧಿಸಿ ಸೋತಿದ್ದರು. 1937ರ ಪ್ರಾಂತೀಯ ಚುನಾವಣೆಯಲ್ಲಿ ಅಂಬೇಡ್ಕರ್ ತಾವು ಸ್ಥಾಪಿಸಿದ ಸ್ವತಂತ್ರ ಕಾರ್ಮಿಕ ಪಕ್ಷದಿಂದ ಮುಂಬಯಿಯ ಬೈಕುಲಾ–ಪರೇಲ್ ಕ್ಷೇತ್ರದಲ್ಲಿ ನಿಂತರು. ಅವರನ್ನು ಎದುರಿಸಬಲ್ಲ ಹೆಸರುಳ್ಳ ಶೋಷಿತ ವರ್ಗದ ಅಭ್ಯರ್ಥಿಗಾಗಿ ಹುಡುಕಿದ ಕಾಂಗ್ರೆಸ್ ಬಾಳೂ ಅವರನ್ನು ಕಣಕ್ಕಿಳಿಸಿತು. ಅಂಬೇಡ್ಕರ್ ಅವರಿಗೆ 13,245 ಮತಗಳು, ಬಾಳೂ ಅವರಿಗೆ 11,225 ಮತಗಳು ಬಂದವು. 2,020 ಮತಗಳ ಅಂತರ ಹೆಚ್ಚಿನದೇನೂ ಅಲ್ಲ. ಗಿರಣಿ ಕಾರ್ಮಿಕರ ಆ ಪ್ರದೇಶದಲ್ಲಿ ಹಳೆಯ ಬೌಲರನ ನೆನಪು ಇನ್ನೂ ಮಾಸಿರಲಿಲ್ಲವೆಂದು ಇದರಿಂದ ತಿಳಿಯುತ್ತದೆ.

ನಿಧನ ಮತ್ತು ಸ್ಮರಣೆ

ಬಾಳೂ 1955ರ ಜುಲೈ 4ರಂದು ಮುಂಬಯಿಯಲ್ಲಿ ನಿಧನರಾದರು. ಸಾಂತಾಕ್ರೂಜ್‌ನಲ್ಲಿ ನಡೆದ ಅಂತ್ಯಕ್ರಿಯೆಗೆ ರಾಜಕೀಯ ಧುರೀಣರೂ ಕ್ರಿಕೆಟಿಗರೂ ಬಂದಿದ್ದರು. ಅವರ ಕೀರ್ತಿಗೆ ಕಾರಣವಾದ ಮತವಾರು ಪಂದ್ಯಾವಳಿ ಅದಕ್ಕೆ ಸುಮಾರು ಹತ್ತು ವರ್ಷ ಮುಂಚೆಯೇ ನಿಂತುಹೋಗಿತ್ತು. 1934ರಲ್ಲಿ ಆರಂಭವಾದ ರಣಜಿ ಟ್ರೋಫಿ ಪ್ರಾಂತ್ಯಗಳ ಆಧಾರದ ಮೇಲೆ ತಂಡಗಳನ್ನು ಕಟ್ಟಿತು. ಹಳೆಯ ಪಂದ್ಯಾವಳಿಯೊಡನೆ ಅದರ ಆಟಗಾರರೂ ಜನರ ನೆನಪಿನಿಂದ ಸರಿದರು.

ಬಾಳೂ ತಮ್ಮ ಬದುಕನ್ನು ತಾವೇ ಬರೆದಿಡಲಿಲ್ಲ. ವಿಠ್ಠಲರು ಮರಾಠಿಯಲ್ಲಿ ಬರೆದ ‘ಮಾಝೆ ಕ್ರೀಡಾಜೀವನ’ (1948) ಈ ಮನೆತನದ ಬಗ್ಗೆ ಒಳಗಿನಿಂದ ದೊರೆಯುವ ಮುಖ್ಯ ದಾಖಲೆ. ಇತಿಹಾಸಕಾರ ರಾಮಚಂದ್ರ ಗುಹಾ ಅವರ ‘ಎ ಕಾರ್ನರ್ ಆಫ್ ಎ ಫಾರಿನ್ ಫೀಲ್ಡ್’ (2002) ಪ್ರಕಟವಾದ ಮೇಲೆ ಬಾಳೂ ಅವರ ಹೆಸರು ಮತ್ತೆ ಚರ್ಚೆಗೆ ಬಂದಿತು. ಅದರ ಹಿಂದಿನ ವರ್ಷ ತೆರೆಕಂಡ ಹಿಂದಿ ಚಲನಚಿತ್ರ ‘ಲಗಾನ್’ನಲ್ಲಿ ಬರುವ ಕಚರಾ ಎಂಬ ಅಸ್ಪೃಶ್ಯ ಸ್ಪಿನ್ ಬೌಲರನ ಪಾತ್ರವನ್ನು ಹಲವರು ಬಾಳೂ ಅವರೊಡನೆ ಹೋಲಿಸಿದ್ದಾರೆ. ಕಚರಾನಿಗೆ ಚೆಂಡು ತಿರುಗುವುದು ಊನಗೊಂಡ ಕೈಯಿಂದ. ಅದು ಪೋಲಿಯೊ ಪೀಡಿತ ಕೈಯಿಂದಲೇ ಟೆಸ್ಟ್ ಪಂದ್ಯಗಳನ್ನು ಗೆಲ್ಲಿಸಿದ ಮೈಸೂರಿನ ಬಿ. ಎಸ್. ಚಂದ್ರಶೇಖರ್ ಅವರನ್ನು ಹೆಚ್ಚು ನೆನಪಿಸುತ್ತದೆ. ಬಾಳೂ ಅವರ ತಿರುವು ಊನದಿಂದ ಬಂದ ವರವಲ್ಲ. ಪೂನಾ ಕ್ಲಬ್ಬಿನ ನೆಟ್ಟಿನಲ್ಲಿ ತಿಂಗಳಿಗೆ 4 ರೂಪಾಯಿ ಸಂಬಳಕ್ಕೆ ದಿನವೂ ಎಸೆದು ಎಸೆದು ಅವರು ಅದನ್ನು ಕಲಿತರು.